ಹಾದಿಯ ಪೆಟ್ಟಿಗೆಗೆ ಹೋದ ನೋಟ್‌ಬುಕ್ಕು

ನಮ್ಮ ಹಿಪ್ಪುನೇರಳೆ ತೋಟದ ಮೂಲೆಯಲ್ಲಿ, ಆವನಿ ಬೆಟ್ಟಕ್ಕೆ ಹೋಗುವ ಕಾಲುದಾರಿಯ ಪಕ್ಕ, ಕಂಬದ ಮೇಲೆ ಒಂದು ಹಳದಿ ಪೆಟ್ಟಿಗೆ ಇದೆ. ತಗಡಿನ ಸೂರು, ಗಾಜಿನ ಬಾಗಿಲು, ಒಳಗೆ ಎರಡು ಹಲಗೆ, ಹಲಗೆಯ ತುಂಬ ಪುಸ್ತಕ. ಕೋಲಾರದ ಬೆಟ್ಟಗಳಿಂದ ಹೊರಟು, ಗುಡ್ಡ, ಕೆರೆ, ಹೊಲ ದಾಟಿಕೊಂಡು ನಾಲ್ಕೈದು ದಿನ ನಡೆಯುವ ಜನ ಇದ್ದಾರೆ. ಅವರ ಗುಂಪಿನವರೇ ಎರಡು ವರ್ಷದ ಹಿಂದೆ ಬಂದು ದಾರಿಯುದ್ದಕ್ಕೂ ಇಂಥ ಏಳು ಪೆಟ್ಟಿಗೆ ನಿಲ್ಲಿಸಿದರು. ಯಾರು ಬೇಕಾದರೂ ಪುಸ್ತಕ ತೆಗೆದುಕೊಳ್ಳಬಹುದು, ಇಡಬಹುದು. ಒಂದು ಪೆಟ್ಟಿಗೆಯಲ್ಲಿ ತೆಗೆದದ್ದನ್ನು ನಡೆಯುತ್ತ ಓದಿ ಮುಂದಿನ ಪೆಟ್ಟಿಗೆಯಲ್ಲಿ ಇಡುವುದು ಅವರಲ್ಲಿ ರೂಢಿ.

ಕಂಬ ನೆಡುವ ದಿನ ನಮ್ಮತ್ತೆ ಅಂಜಮ್ಮ ಹೋಗಿ ವಿಚಾರಿಸಿದ್ದರು. "ಒಂದು ಪುಸ್ತಕಕ್ಕೆ ಎಷ್ಟಪ್ಪಾ?"

"ಏನೂ ಇಲ್ಲ ಅಜ್ಜಿ, ಪುಕ್ಕಟೆ."

"ಪುಕ್ಕಟೆ ಕೊಡೋರು ಓಟಿಗೆ ನಿಂತಿರ್ತಾರೆ. ನೀನು ಯಾವ ಪಾರ್ಟಿ ನಾಯ್ನಾ?"

ಆ ಹುಡುಗರು ನಕ್ಕು, ಬೀಗವೇ ಇಲ್ಲದ ಆ ಪೆಟ್ಟಿಗೆಯನ್ನು ನೋಡಿಕೊಳ್ಳಿ ಎಂದು ನನಗೆ ಹೇಳಿ ಹೋದರು. ನೋಡಿಕೊಳ್ಳುವುದೆಂದರೆ ಹೆಚ್ಚೇನಿಲ್ಲ. ಸೊಪ್ಪು ಕೊಯ್ಯಲು ಹೋದಾಗ ಗಾಜು ಒರೆಸುವುದು, ಗೆದ್ದಲು ಹತ್ತದಂತೆ ಕಂಬದ ಬುಡಕ್ಕೆ ಬೇವಿನೆಣ್ಣೆ ಬಳಿಯುವುದು. ಅತ್ತೆ ಶುಕ್ರವಾರ ಅದಕ್ಕೊಂದು ಕುಂಕುಮದ ಬೊಟ್ಟು ಇಡುತ್ತಾರೆ. ಅಕ್ಷರ ಇರುವ ಜಾಗ ಅಲ್ಲವೇ.

ಈ ವರ್ಷ ಆ ಪೆಟ್ಟಿಗೆಗೆ ನಾನು ಹಾಕಬಾರದ್ದನ್ನು ಹಾಕಿಬಿಟ್ಟೆ.

ನಮಗೆ ಬೇರೆ ಹುಳುಮನೆ ಇಲ್ಲ. ರೇಷ್ಮೆಹುಳು ತರುವ ಮೂರು ದಿನ ಮುಂಚೆ ನಡುಮನೆಯನ್ನೇ ಬರಿದು ಮಾಡಿ, ಸುಣ್ಣ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೊಳೆಯುತ್ತೇವೆ. ಪಾತ್ರೆ, ಹಾಸಿಗೆ, ದೇವರ ಪಟ, ಎಲ್ಲ ಅಂಗಳಕ್ಕೆ ಬರುತ್ತದೆ. ಮೇ ತಿಂಗಳ ಆ ದಿನ ನನ್ನ ಮಗಳು ರಂಜಿತ ಮನೆಯಲ್ಲಿರಲಿಲ್ಲ. ಮಾವಿನಕಾಯಿ ಕೀಳುವ ಹೊತ್ತೆಂದು ಶ್ರೀನಿವಾಸಪುರದ ನಮ್ಮಮ್ಮನ ಮನೆಗೆ ಹೋಗಿದ್ದಳು. ಅಟ್ಟದ ಮೇಲಿದ್ದ ಅವಳ ಹೈಸ್ಕೂಲಿನ ನೋಟ್‌ಬುಕ್ಕುಗಳನ್ನು ಇಳಿಸಿದೆ. ಒಲೆಗೆ ಹಾಕಲು ಕೈ ಬರಲಿಲ್ಲ. ಗುಜರಿಯವನಿಗೆ ಕೊಟ್ಟರೆ ಬೋಂಡ ಕಟ್ಟುವ ಕಾಗದವಾಗುತ್ತದೆ ಎಂದು ಅತ್ತೆ ಬೇಡವೆಂದರು. ಯಾರಾದರೂ ಬಡವರ ಮಕ್ಕಳು ನೋಡಿ ಬರೆದುಕೊಳ್ಳಲಿ ಎಂದು ನಾಲ್ಕನ್ನು ಪೆಟ್ಟಿಗೆಯಲ್ಲಿಟ್ಟೆ. ಒಂದನ್ನೂ ಬಿಚ್ಚಿ ನೋಡಲಿಲ್ಲ.

ರಂಜಿತಳ ವಿಷಯ ಇಲ್ಲಿ ಹೇಳಬೇಕು. ಅವಳು ಕೋಲಾರದಲ್ಲಿ ಹಾಸ್ಟೆಲಿನಲ್ಲಿದ್ದು ಮೊದಲ ಪಿಯುಸಿ ಓದುತ್ತಿದ್ದಳು. ಸಂಕ್ರಾಂತಿಗೆ ಟ್ರಂಕಿನ ಸಮೇತ ಬಂದವಳು ಹಿಂದಿರುಗಲಿಲ್ಲ. ತಲೆನೋವು ಅಂದಳು. ಪರೀಕ್ಷೆಗೂ ಹೋಗಲಿಲ್ಲ. ಅವಳಪ್ಪ ಚಂದ್ರು ಎರಡು ದಿನ ಕೂಗಾಡಿ ಸುಮ್ಮನಾದರು. ನಾನು ಒಂದು ಮಾತೂ ಕೇಳಲಿಲ್ಲ. ಕೇಳಿದರೆ ಮುದುಡಿಕೊಳ್ಳುವ ಮಗು ಅದು, ತಾನಾಗಿ ಹೇಳಲಿ ಎಂದು ಕಾದೆ. ಕಾಯುವುದೇ ತಾಯ್ತನ ಅಂದುಕೊಂಡಿದ್ದೆ. ಒಳಗೊಳಗೇ ಮಾತ್ರ, ಯಾವನಾದರೂ ಅವಳ ಮೈ ಮುಟ್ಟಿರಬಹುದೇ ಎಂಬ ಒಂದೇ ಭಯ ಐದು ತಿಂಗಳು ನನ್ನನ್ನು ತಿನ್ನುತ್ತಿತ್ತು.

ಊರಿಂದ ಬಂದ ಮೂರನೇ ದಿನ ಅಟ್ಟ ಹತ್ತಿ ಇಳಿದಳು.

"ಅಮ್ಮ, ನನ್ನ ಸಮಾಜದ ನೋಟ್‌ಬುಕ್ ಎಲ್ಲಿ? ಒಂಬತ್ತನೇ ಕ್ಲಾಸಿಂದು, ಖಾಕಿ ರಟ್ಟು ಹಾಕಿತ್ತು."

"ಹಳೇವೆಲ್ಲ ಪೆಟ್ಟಿಗೇಲಿ ಇಟ್ಟೆ ಕಣೇ. ಯಾರಾದ್ರೂ ಮಕ್ಕಳಿಗೆ ಆಗ್ಲಿ ಅಂತ."

ಚಪ್ಪಲಿ ಕೂಡ ಮೆಟ್ಟದೆ ತೋಟದತ್ತ ಓಡಿದಳು. ನಾನು ಸೊಪ್ಪಿನ ಕೈಯಲ್ಲೇ ಹಿಂದೆ ಹೋದೆ. ಪೆಟ್ಟಿಗೆಯಲ್ಲಿ ಮೂರು ನೋಟ್‌ಬುಕ್ಕು ಹಾಗೇ ಇದ್ದವು. ಖಾಕಿ ರಟ್ಟಿನದು ಮಾತ್ರ ಇರಲಿಲ್ಲ. ರಂಜಿತ ಕಂಬ ಹಿಡಿದು ಅಲ್ಲೇ ಕೂತಳು.

"ಹಳೇ ನೋಟ್ಸಿಗೆ ಇಷ್ಟು ಯಾಕೆ ಮಗಾ?"

"ಅದ್ರಲ್ಲಿ ಬರೀ ನೋಟ್ಸ್ ಇರ್ಲಿಲ್ಲಮ್ಮ. ಹಿಂದಿನ ಖಾಲಿ ಹಾಳೇಲಿ ನಾನು ಈಗ ಬರ್ದಿದ್ದು ಇತ್ತು. ಯಾಕೆ ಬಂದೆ ಅಂತ ಇತ್ತು."

ಪೆಟ್ಟಿಗೆಯ ಮೇಲೆ ಗುಂಪಿನವರ ನಂಬರಿದೆ. ಫೋನ್ ಮಾಡಿ ಎಲ್ಲರಿಗೂ ವಾಟ್ಸಾಪಿನಲ್ಲಿ ಹಾಕಿಸೋಣ ಎಂದೆ. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಬೇಡ. ಹಾಕಿದ್ರೆ ಏನಿದೆ ಅಂತ ಎಲ್ರೂ ಹುಡುಕಿ ಓದ್ತಾರೆ." ಹಾಗಾದರೆ ನಾವೇ ಮುಂದಿನ ಪೆಟ್ಟಿಗೆಗಳಲ್ಲಿ ನೋಡಿಕೊಂಡು ಬರೋಣ ಎಂದರೆ, "ಓದಿದೋರು ಎದುರಿಗೆ ಸಿಕ್ಕಿದ್ರೆ ನಾನೇನಮ್ಮ ಮಾಡ್ಲಿ?" ಅಂದಳು. ಅಂದಿನಿಂದ ಅರ್ಧ ಮುದ್ದೆಯೂ ಸರಿಯಾಗಿ ಉಣ್ಣಲಿಲ್ಲ. ಬೆಟ್ಟದಿಂದ ಯಾರಾದರೂ ಬ್ಯಾಗು ಹೊತ್ತು ಇಳಿಯುವುದು ಕಂಡರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ನಾನು ತಕ್ಷಣ ಹೊರಡುವಂತಿರಲಿಲ್ಲ. ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು. ಹುಳು ಸಾಕುವ ಹೆಂಗಸಿಗೆ ಬಿಡುವು ಸಿಗುವುದು ಜ್ವರದ ದಿನ ಮಾತ್ರ. ಪೊರೆ ಕಳಚುವ ಮುಂಚೆ ಹುಳುಗಳು ಒಂದು ಹಗಲು ಒಂದು ರಾತ್ರಿ ತಲೆ ಎತ್ತಿಕೊಂಡು, ಅಲುಗದೆ, ಏನೂ ತಿನ್ನದೆ ಕೂರುತ್ತವೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಮುಟ್ಟಬಾರದು. ನಾಲ್ಕನೇ ಜ್ವರಕ್ಕೆ ಹುಳು ಕೂತ ಬೆಳಗ್ಗೆ ಎರಡು ರೊಟ್ಟಿ ಕಟ್ಟಿಕೊಂಡು ಹೊರಟೆ. ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷವಾದರೂ ಆ ಕಾಲುದಾರಿಯಲ್ಲಿ ನಮ್ಮ ತೋಟದ ಬೇಲಿ ದಾಟಿ ಆಚೆಗೆ ನಾನು ನಡೆದಿರಲಿಲ್ಲ.

ಎರಡನೇ ಪೆಟ್ಟಿಗೆ ಬೆಟ್ಟದ ಹಿಂದೆ ಒಂದು ದೊಡ್ಡ ಹುಣಸೆಮರದ ಕೆಳಗಿತ್ತು. ಅಲ್ಲಿ ಬೂಟು ಹಾಕಿದ ಒಬ್ಬ ಹುಡುಗಿ, ಒಬ್ಬ ಹುಡುಗ ಕಡಲೆಬೀಜ ತಿನ್ನುತ್ತ ಕೂತಿದ್ದರು.

"ಆಂಟಿ, ನೀವೂ ಟ್ರೆಕ್ಕಿಂಗಾ?" ಹುಡುಗ ಕೇಳಿದ.

"ಹೂಂ ಕಣಪ್ಪಾ, ಹವಾಯಿ ಚಪ್ಪಲೀಲಿ."

ಹುಡುಗಿ ನಗುತ್ತ ನನಗೂ ಒಂದು ಹಿಡಿ ಬೀಜ ಕೊಟ್ಟಳು. ನಾನು ಹಲಗೆಯ ಮೇಲಿನ ಪುಸ್ತಕ ಒಂದೊಂದೇ ತೆಗೆದು ನೋಡಿದೆ. ದಪ್ಪ ಇಂಗ್ಲಿಷ್ ಪುಸ್ತಕಗಳು, ಒಂದು ಪಂಚಾಂಗ, ಅಡುಗೆ ಪುಸ್ತಕ. ನನಗೆ ಬೇಕಾದ್ದು ಇರಲಿಲ್ಲ. ಸ್ಕೂಲ್ ನೋಟ್‌ಬುಕ್ಕು ನೋಡಿದಿರಾ ಎಂದು ಕೇಳಿದೆ. ಅವರು ಓದಿದ್ದರೆ? ಮುಖದಲ್ಲೇ ಗೊತ್ತಾಗುತ್ತದೆಯೇ ಎಂದು ನೋಡಿದೆ.

"ಸ್ಕೂಲ್ ಬುಕ್ಸ್ ಆದ್ರೆ ಕೆರೆ ಹತ್ರ ಮೇಷ್ಟ್ರನ್ನ ಕೇಳಿ ಆಂಟಿ," ಅಂದಳು ಹುಡುಗಿ. "ಮುಂದಿನ ಪೆಟ್ಟಿಗೆ ನೋಡ್ಕೊಳ್ಳೋರು. ಟ್ಯೂಷನ್ ಮಕ್ಕಳಿಗೆ ಅಂತ ಅವ್ರು ಬಂದು ಅಂಥದ್ದೆಲ್ಲ ಆರಿಸ್ಕೊಂಡು ಹೋಗ್ತಾರೆ. ಹೋದ್ಸಲ ನಮ್ಮೆದುರಿಗೇ ತಗೊಂಡ್ರು."

ದೇವರಾಯಸಮುದ್ರದ ಕೆರೆ ಏರಿ ತಲುಪುವಾಗ ಹೊತ್ತು ನೆತ್ತಿಗೆ ಬಂದಿತ್ತು. ಮೂರನೇ ಪೆಟ್ಟಿಗೆ ಏರಿಯ ಕೊನೆಯಲ್ಲಿತ್ತು, ಅದರ ಎದುರಿಗೆ ಮೇಷ್ಟ್ರ ಮನೆ. ಕೋದಂಡರಾಮಪ್ಪ ಎಂದು ಹೆಸರು, ನಿವೃತ್ತಿಯಾಗಿ ಬಹಳ ವರ್ಷವಾದವರು. ಜಗುಲಿಯಲ್ಲಿ ಕೂತು ಹರಿದ ಪುಸ್ತಕಕ್ಕೆ ಮೈದಾ ಅಂಟು ಹಚ್ಚುತ್ತಿದ್ದರು. ಖಾಕಿ ರಟ್ಟಿನ ನೋಟ್‌ಬುಕ್ಕು ಎಂದ ಕೂಡಲೇ ಕೈ ನಿಲ್ಲಿಸಿದರು.

"ನೀವು ಯಾರು ತಾಯಿ?"

"ಆವನಿ ಸುನಂದ. ಅದು ನನ್ನ ಮಗಳದ್ದು."

ಒಳಗೆ ಹೋಗಿ, ಬೀರುವಿನ ಬೀಗ ತೆಗೆದು ತಂದರು. ಸೀರೆಯಂಗಡಿಯ ಚೀಲದಲ್ಲಿ ಸುತ್ತಿ ಇಟ್ಟಿದ್ದರು. "ಯಾರೋ ನಡೆಯೋರು ಇಲ್ಲಿನ ಪೆಟ್ಟಿಗೇಲಿ ಬಿಟ್ಟು ಹೋಗಿದ್ರು. ಮಕ್ಕಳ ಕೈಗೆ ಸಿಗ್ಬಾರ್ದು ಅಂತ ಬೀರುಗೆ ಹಾಕ್ದೆ. ಪೆಟ್ಟಿಗೇಲೂ ಇಡೋಕೆ ಮನಸ್ಸಾಗ್ಲಿಲ್ಲ. ಯಾರಾದ್ರೂ ಹುಡುಕ್ಕೊಂಡು ಬರ್ತಾರೆ ಅಂತಿದ್ದೆ."

"ಓದಿದ್ರಾ ಮೇಷ್ಟ್ರೇ?"

ಅವರು ಕನ್ನಡಕ ತೆಗೆದು ಪಂಚೆಗೆ ಒರೆಸಿದರು. "ಯಾರದ್ದು ಅಂತ ತಿಳ್ಕೊಳ್ಳೋಕೆ ತೆಗೆದೆ. ಹೆಸರು ಸಿಗ್ಲಿಲ್ಲ, ನಿಲ್ಸೋಕೂ ಆಗ್ಲಿಲ್ಲ. ತಪ್ಪು ನಂದೇ. ನೀವು ಓದಿದೀರಾ?"

"ಇಲ್ಲ."

"ಓದ್ತೀರಾ?"

ನೋಟ್‌ಬುಕ್ಕು ನನ್ನ ತೊಡೆಯ ಮೇಲಿತ್ತು. ರಟ್ಟಿನ ಮೇಲೆ ಹೆಸರಿಲ್ಲ, ಸಮಾಜ ಎಂದಷ್ಟೇ ಅವಳ ದುಂಡನೆ ಅಕ್ಷರ. ಐದು ತಿಂಗಳು ನಾನು ಕಾದದ್ದೆಲ್ಲ ಅದರೊಳಗಿತ್ತು. ಬಿಚ್ಚಿದರೆ ಸಾಕಿತ್ತು, ಅವಳಿಗೆ ಗೊತ್ತಾಗುತ್ತಲೂ ಇರಲಿಲ್ಲ.

"ಅದೊಂದೇ ಹೇಳಿ ಮೇಷ್ಟ್ರೇ," ಅಂದೆ. "ನನ್ನ ಮಗೂಗೆ ಯಾರಾದ್ರೂ ಏನಾದ್ರೂ ಮಾಡಿದಾರಾ? ಮೈಮೇಲೆ ಕೈ ಹಾಕಿದಾರಾ?"

"ಇಲ್ಲ ತಾಯಿ. ಅಂಥದ್ದೇನೂ ಇಲ್ಲ."

ನನಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, ದೇವರು ದೊಡ್ಡವನು ಎಂದು ನಾಲ್ಕು ಸಲ ಹೇಳಿರಬೇಕು. ನಾನು ಎದ್ದಾಗ ಅವರೂ ಎದ್ದರು.

"ಇಷ್ಟು ಮಾತ್ರ ಹೇಳ್ತೀನಿ. ಇದ್ರಲ್ಲಿ ಇನ್ನೊಬ್ಬರ ಮಗಳಿದಾಳೆ. ಆ ಮಗೂಗೂ ಒಬ್ಬ ತಾಯಿ ಇರ್ತಾಳೆ. ಬಹಳ ದಿನ ಕಾಯ್ಬೇಡಿ."

ದಾರಿಯುದ್ದಕ್ಕೂ ಆ ಮಾತು ನನ್ನ ಜೊತೆ ನಡೆಯಿತು. ಹುಣಸೆಮರದ ಹತ್ತಿರ ಕೂತು ರೊಟ್ಟಿ ಬಿಚ್ಚಿದೆ, ತಿನ್ನಲಾಗಲಿಲ್ಲ. ಚೀಲದ ಗಂಟು ಬಿಚ್ಚಿ ಮತ್ತೆ ಕಟ್ಟಿದೆ. ಇನ್ನೊಬ್ಬರ ಮಗಳು. ಅವಳಿಗೆ ಏನಾಗಿದೆ? ನನ್ನವಳು ಏನು ಮಾಡಿದಾಳೆ?

ಸಂಜೆ ರಂಜಿತ ಬೇಲಿಯ ಹತ್ತಿರವೇ ನಿಂತಿದ್ದಳು. ಚೀಲ ಕಿತ್ತುಕೊಂಡು ಎದೆಗವಚಿಕೊಂಡಳು.

"ಓದಿದ್ಯಾ?"

"ಇಲ್ಲ ಕಣೇ. ಆದ್ರೆ ಸುಳ್ಳು ಹೇಳಲ್ಲ, ಇದನ್ನ ಎತ್ತಿಟ್ಟಿದ್ದ ಮೇಷ್ಟ್ರು ಓದಿದಾರೆ. ನಿನಗೇನೂ ಆಗಿಲ್ವಲ್ಲ ಅಂತ ಒಂದು ಮಾತು ಕೇಳ್ದೆ. ಇಲ್ಲ ಅಂದ್ರು. ಇನ್ನೊಬ್ಬರ ಮಗಳಿದಾಳೆ ಅಂದ್ರು. ಅಷ್ಟೇ."

ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. "ಓದಿದ್ರೆ ಚೆನ್ನಾಗಿತ್ತಮ್ಮ," ಅಂದಳು. "ನಾನು ಬಾಯಿಬಿಟ್ಟು ಹೇಳೋದು ತಪ್ತಿತ್ತು."

ಮಾರನೇ ಬೆಳಗ್ಗೆ ಹುಳು ಜ್ವರದಿಂದ ಎದ್ದವು. ಚಂದ್ರು ಸೊಪ್ಪು ಕೊಯ್ಯಲು ಹೋಗಿದ್ದರು, ಅತ್ತೆ ಹಸುವಿನ ಹತ್ತಿರ ಇದ್ದರು. ಹುಳು ಇರುವಾಗ ಹೊರಗಿನವರು ನಮ್ಮ ನಡುಮನೆಗೆ ಕಾಲಿಡುವಂತಿಲ್ಲ. ನಾನು ತಟ್ಟೆಗಳಿಗೆ ಎಲೆ ಹರಡುತ್ತಿದ್ದಾಗ ರಂಜಿತ ಬಂದು, ಗೋಡೆಗೆ ಒರಗಿ ನಿಂತು, ನೋಟ್‌ಬುಕ್ಕು ಬಿಚ್ಚಿ ಓದತೊಡಗಿದಳು. ನನ್ನ ಕಡೆ ನೋಡಲಿಲ್ಲ. ನಾನೂ ಎಲೆ ಹಾಕುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವಳೂ ನಿಲ್ಲಿಸುತ್ತಾಳೆ ಎನಿಸಿತು.

ಡಿಸೆಂಬರಿನಲ್ಲಿ ಕಾಲೇಜಿನಲ್ಲಿ ಡ್ಯಾನ್ಸ್ ಇತ್ತು. ರೂಮಿನ ಒಬ್ಬಳು ಹುಡುಗಿ ಊರಿಗೆ ಹೋಗಿದ್ದಳು. ಅವಳ ಚಿನ್ನದ ಜುಮುಕಿ ಬೀರುವಿನಲ್ಲಿತ್ತು. ರಂಜಿತ ಕೇಳದೆ ಹಾಕಿಕೊಂಡು ಕುಣಿದಳು. ಮುಖ ತೊಳೆಯುವಾಗ ಒಂದು ಜುಮುಕಿ ಮೋರಿಗೆ ಬಿತ್ತು. ಜುಮುಕಿಯವಳು ಬಂದು ಗಲಾಟೆ ಮಾಡಿದಾಗ ಹಾಸ್ಟೆಲಿನವರು ಎಲ್ಲರ ಟ್ರಂಕು ತೆಗೆಸಿದರು. ಡ್ಯಾನ್ಸಿನ ದಿನ ಜ್ವರವೆಂದು ರೂಮಿನಲ್ಲಿ ಒಬ್ಬಳೇ ಮಲಗಿದ್ದವಳು ಆಶಾರಾಣಿ, ಮಾಲೂರು ಕಡೆ ಮಾಸ್ತಿಯ ಹುಡುಗಿ. ಅವಳ ಟ್ರಂಕಿನಲ್ಲೂ ಏನೂ ಸಿಗಲಿಲ್ಲ. ಆದರೂ ಇನ್ಯಾರು ಎಂದು ಎಲ್ಲರೂ ಅವಳ ಕಡೆಗೇ ತಿರುಗಿದರು. ಅವಳು ರಂಜಿತಳನ್ನು ನೋಡಿ, "ನೀನಾದ್ರೂ ಹೇಳೇ, ನಾನು ತೆಗ್ದಿಲ್ಲ ಅಂತ," ಎಂದಳಂತೆ. ರಂಜಿತ ತಲೆ ತಗ್ಗಿಸಿ ನಿಂತಳು. ಸಂಜೆಯ ಹೊತ್ತಿಗೆ ಆಶಾರಾಣಿಯ ತಾಯಿ ಬಂದು ಕರೆದುಕೊಂಡು ಹೋದರು. ಮತ್ತೆ ಅವಳು ಕಾಲೇಜಿಗೆ ಬರಲಿಲ್ಲ.

ಓದಿ ಮುಗಿಸಿ, ಟ್ರಂಕು ತೆಗೆಸಿದ ದಿನ ಯಾರೂ ಬಿಚ್ಚಿ ನೋಡದ ಜಾಮೆಟ್ರಿ ಬಾಕ್ಸಿನಿಂದ ಉಳಿದ ಒಂದು ಜುಮುಕಿ ತೆಗೆದು ನನ್ನ ಮುಂದೆ ಹಿಡಿದಳು.

ಸಾಲು ಸಾಲು ತಟ್ಟೆಗಳಲ್ಲಿ ಹುಳು ಎಲೆ ತಿನ್ನುವ ಸದ್ದು ಮಾತ್ರ ಕೇಳುತ್ತಿತ್ತು. ಮೇಷ್ಟ್ರ ಜಗುಲಿಯಲ್ಲಿ ದೇವರು ದೊಡ್ಡವನು ಎಂದು ಅತ್ತಿದ್ದೆನಲ್ಲ, ಆ ಅಳು ನೆನಪಾಗಿ ನಾಚಿಕೆಯಾಯಿತು. ನನ್ನ ಮಗಳಿಗೆ ಏನೂ ಆಗಿಲ್ಲ ಎಂದು ನಾನು ಹಿಗ್ಗುತ್ತಿದ್ದಾಗ ಇನ್ನೊಬ್ಬ ತಾಯಿಯ ಮಗಳಿಗೆ ಆಗಿಹೋಗಿತ್ತು. ಐದು ತಿಂಗಳು ನಾನು ಮಗಳನ್ನು ಜ್ವರದ ಹುಳುವಿನಂತೆ ಮುಟ್ಟದೆ ಬಿಟ್ಟಿದ್ದೆ. ಮೊದಲ ವಾರವೇ ಕೂರಿಸಿ ಕೇಳಿದ್ದರೆ ಆ ಹುಡುಗಿ ಪರೀಕ್ಷೆ ಬರೆಯುತ್ತಿದ್ದಳೋ ಏನೋ.

"ಅವ್ರ ಮನೆಗೆ ಹೋಗೋಣ," ಅಂದೆ.

"ಗೂಡು ಆದ್ಮೇಲೆ ಹೋಗೋಣಮ್ಮ. ಈಗ ಹುಳ ಬಿಟ್ಟು ಹೆಂಗೆ ಹೋಗೋದು?"

ಅವಳು ಹೇಳಿದ್ದು ನಿಜವೇ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಒಂದು ವಾರ ಎಷ್ಟು ಹಾಕಿದರೂ ಸಾಲದು. ಆದರೆ ಆ ಮಾತಿನಲ್ಲಿ ನನ್ನದೇ ದನಿ ಕೇಳಿಸಿತು. ಗೂಡಾದ ಮೇಲೆ ಮಾರ್ಕೆಟ್ಟು, ಮಾರ್ಕೆಟ್ಟಾದ ಮೇಲೆ ಇನ್ನೊಂದು ಬೆಳೆ.

"ನಾಳೆ ಮೊದಲ ಬಸ್ಸಿಗೆ," ಅಂದೆ.

ಚಂದ್ರುಗೆ ಎಲ್ಲ ಹೇಳಿದೆ. ಸೊಪ್ಪಿನ ಹೊರೆ ದೊಪ್ಪನೆ ಕೆಡವಿ, "ತಲೆ ಸರಿಯಿದೆಯೇನೇ? ಇಂಥಾ ಹೊತ್ತಲ್ಲಿ ಹುಳ ಬಿಟ್ಟು ಊರ ಮೇಲೆ ಹೋಗ್ತಾಳಂತೆ! ಅವ್ರು ಪೊಲೀಸಿಗೆ ಕೊಟ್ರೆ?" ಎಂದರು.

"ಕೊಟ್ರೆ ಕೊಡ್ಲಿ. ನಾನೂ ಜೊತೇಲಿ ಇರ್ತೀನಿ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ, "ಪೋನೀರಾ ಚಂದ್ರು," ಎಂದರು. "ಹೋಗ್ಬರ್ಲಿ ಬಿಡು. ಎಲೆ ಹಾಕೋಕೆ ನನಗೂ ಕೈ ಇದಾವೆ." ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಕೇಳ್ದೆ ಹಾಕ್ಕೊಂಡ್ಯಲ್ಲೇ, ಹಾಳಾದವ್ಳೇ," ಎಂದು ಬೈದು, ಅವಳ ಕೆದರಿದ ಜಡೆ ಬಿಚ್ಚಿ ಹೆಣೆಯಲು ಕೂತರು.

ಕೋಲಾರದಲ್ಲಿ ಇಳಿದು ಮಾಲೂರಿಗೆ, ಮಾಲೂರಿನಿಂದ ಮಾಸ್ತಿಗೆ. ಬಸ್ಸಿನಲ್ಲಿ ರಂಜಿತ ಎರಡು ಸಲ ವಾಂತಿ ಮಾಡಿಕೊಂಡಳು. ಮಾಸ್ತಿಯಲ್ಲಿ ವಿಚಾರಿಸಿದಾಗ, ಮುನಿಯಲ್ಲಮ್ಮನ ಮಗಳು ಆಶಾರಾಣಿ ತಾನೇ ಎಂದು ಹಾಲಿನ ಡೇರಿಯವರು ಮನೆ ತೋರಿಸಿದರು. ಊರ ಹೊರಗೆ ಶೀಟಿನ ಮನೆ. ಅಂಗಳದಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಒದ್ದೆ ಗೋಣಿಯ ಮೇಲೆ ಕೊತ್ತಂಬರಿ ರಾಶಿ ಹಾಕಿಕೊಂಡು ಕಟ್ಟು ಕಟ್ಟುತ್ತಿದ್ದಳು.

"ಆಶಾ ಜೊತೆ ಓದ್ತಿದ್ದೋಳಾ? ಬಾಮ್ಮ, ಬಾ. ಅಕ್ಕಾ, ನೀವೂ ಕೂತ್ಕೊಳ್ಳಿ," ಎಂದು ಕೈ ಒರೆಸಿಕೊಂಡು ಎದ್ದಳು. "ಅವಳು ಗುಲಾಬಿ ತೋಟಕ್ಕೆ ಕೆಲಸಕ್ಕೆ ಹೋಗಿದಾಳೆ. ಇಲ್ಲೇ, ಆ ಪ್ಲಾಸ್ಟಿಕ್ ಮನೆ ಕಾಣಲ್ವಾ, ಅಲ್ಲಿ. ಕಾಲೇಜಿನೋರು ಒಬ್ರೂ ಈ ಕಡೆ ತಲೆ ಹಾಕಿರ್ಲಿಲ್ಲ ನೋಡಿ. ಕಾಫಿ ಇಡ್ತೀನಿ ಇರಿ."

"ಕಾಫಿ ಬೇಡಕ್ಕ," ಅಂದೆ. ಮುಂದೆ ನಾನೇ ಹೇಳಿಬಿಡಲೇ ಎಂದು ಬಾಯಿ ತೆರೆದೆ. ರಂಜಿತ ನನ್ನ ತೋಳು ಅದುಮಿದಳು.

ನಿಂತುಕೊಂಡೇ ಹೇಳಿದಳು. ಜುಮುಕಿ, ಮೋರಿ, ಟ್ರಂಕು, ಆಶಾರಾಣಿ ಕೇಳಿದ ಮಾತು, ತಾನು ತಲೆ ತಗ್ಗಿಸಿದ್ದು. ನಡುವೆ ಒಂದು ಸಲವೂ ಅಳಲಿಲ್ಲ. ಉಳಿದ ಜುಮುಕಿಯನ್ನು ಅಂಗೈಯಲ್ಲಿ ಚಾಚಿದಳು.

ಮುನಿಯಲ್ಲಮ್ಮ ಅದನ್ನು ಮುಟ್ಟಲಿಲ್ಲ. ಮೆಲ್ಲಗೆ ಗೋಣಿಯ ಮೇಲೆ ಕೂತಳು.

"ನಾನು ಅವಳನ್ನ ಹೊಡ್ದೆ," ಅಂದಳು. "ಬಸ್‌ಸ್ಟ್ಯಾಂಡಲ್ಲಿ ಎಲ್ರ ಮುಂದೆ ಹೊಡ್ದೆ. ತೆಗ್ದಿಲ್ಲಮ್ಮ ಅಂತ ಕಾಲು ಹಿಡ್ಕೊಂಡ್ಲು. ಬಡವರ ಮನೆ ಮರ್ಯಾದೆ ಕಳ್ದೆ ಕಣೇ ಅಂತ ಇನ್ನೂ ಹೊಡ್ದೆ. ಇವತ್ತಿನ ತನಕ ಅವಳು ನನ್ನ ಹತ್ರ ನೆಟ್ಟಗೆ ಮಾತಾಡಲ್ಲ."

ನಾನು ಅವಳ ಪಕ್ಕ ಕೂತು ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಕಾಲೇಜಿನಲ್ಲೂ ಹೇಳ್ತೀವಿ," ಅಂದೆ. "ಜುಮುಕಿಯವ್ರ ಹತ್ರಾನೂ ಹೋಗ್ತೀವಿ. ಏನು ಮಾಡ್ಬೇಕೋ ಹೇಳಿ, ಮಾಡ್ತೀವಿ."

ಮುನಿಯಲ್ಲಮ್ಮ ಎದ್ದು ಚಪ್ಪಲಿ ಮೆಟ್ಟಿ, ರಂಜಿತಳ ಮಣಿಕಟ್ಟು ಹಿಡಿದಳು. "ನಡಿ. ಅವಳ ಮುಂದೆ ಹೇಳು. ಅಲ್ಲಿ ಕೆಲಸ ಮಾಡೋರೆಲ್ಲ ನಮ್ಮೂರೋರೇ. ಅವ್ರೂ ಕೇಳ್ಲಿ. ನಾನು ಹೊಡ್ದಿದ್ದನ್ನೂ ಅಲ್ಲೇ ಹೇಳ್ತೀನಿ."

ನಾನೂ ಎದ್ದೆ.

"ನೀವು ಇಲ್ಲೇ ಇರಿ ಅಕ್ಕಾ," ಅಂದಳು ಮುನಿಯಲ್ಲಮ್ಮ. ಸಿಟ್ಟಿನಿಂದಲ್ಲ, ಸುಸ್ತಾದವಳಂತೆ. "ನನ್ನ ಮಗಳ ಟ್ರಂಕು ತೆಗ್ಸಿದಾಗ ಪಕ್ಕದಲ್ಲಿ ನಾನಿರ್ಲಿಲ್ಲ."

ಇಬ್ಬರೂ ಹೊಲದ ಬದುವಿನ ಮೇಲೆ ನಡೆದರು. ಮುನಿಯಲ್ಲಮ್ಮ ಮುಂದೆ, ರಂಜಿತ ಒಂದು ಹೆಜ್ಜೆ ಹಿಂದೆ. ಬಿಸಿಲಿಗೆ ಪ್ಲಾಸ್ಟಿಕ್ ಮನೆಗಳು ಕಣ್ಣು ಚುಚ್ಚುತ್ತಿದ್ದವು. ಒಂದರ ಬಾಗಿಲಿನ ಹತ್ತಿರ ನನ್ನ ಮಗಳು ನಿಂತು ತಿರುಗಿ ನೋಡಿದಳು. ನಾನು ಅಂಗಳದ ಅಂಚಿಗೆ ಬಂದೆ. ಅವಳು ಕರೆಯಲಿಲ್ಲ. ನಾನೂ ಹೋಗಲಿಲ್ಲ. ಪರದೆ ಸರಿಸಿ ಒಳಗೆ ಹೋದಳು.